ಬಾನೆಟ್ಟಿನಡಿಯ ಹೊಳಪು

ಆಯುಧಪೂಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳದ್ದೆಲ್ಲ ಒಂದೇ ರಾಗ: ‘ಇಂಜಿನ್ನಿಗೆ ಯಾವ ಡ್ರೆಸ್ಸಿಂಗ್ ಹಾಕಲಿ?’ ನೀರಿನದ್ದು, ಸಿಲಿಕೋನಿನದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ತೂಗೋಣ. ಅದಕ್ಕೂ ಮೊದಲು ಮಿರಮಿರ ಪಂಗಡದವರ ಜೊತೆ ನನ್ನದೊಂದು ಹಳೆಯ ಲೆಕ್ಕ ಬಾಕಿಯಿದೆ.

ವರ್ಷಕ್ಕೊಮ್ಮೆ ಬಾನೆಟ್ ಎತ್ತುವ ಜನ ಇವರು. ಪ್ರೆಶರ್ ವಾಷರಿನಲ್ಲಿ ಹೊಡೆದು, ಹೋಸು, ವೈರು, ಬ್ಯಾಟರಿ ಎಲ್ಲಕ್ಕೂ ಸ್ಪ್ರೇ ಕ್ಯಾನಿನಿಂದ ಅಭ್ಯಂಜನ ಮಾಡಿಸಿ ಫೋಟೋ ಹಿಡಿಯುತ್ತಾರೆ. ಇವರ ಮೂಲಪುರುಷರು ಹೈವೇ ಪಕ್ಕದ ವಾಟರ್ ಸರ್ವಿಸಿನವರು. ತೊಳೆದಾದ ಮೇಲೆ ಡೀಸೆಲ್ ಹೊಡೆಯದಿದ್ದರೆ ಅವರಿಗೆ ಕೆಲಸ ಮುಗಿದಂತೆ ಅನಿಸುತ್ತಿರಲಿಲ್ಲ. ಹೊಳಪೇನೋ ಬರುತ್ತಿತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಆ ಜಿಡ್ಡಿಗೆ ಮೆತ್ತಿಕೊಳ್ಳುತ್ತಿತ್ತು, ಇಂಜಿನ್ ಮೌಂಟಿಂಗಿನ ರಬ್ಬರು ಡೀಸೆಲ್ ಕುಡಿದು ಉಬ್ಬುತ್ತಿತ್ತು. ಈಗ ಕ್ಯಾನ್ ಬದಲಾಗಿದೆ, ಬುದ್ಧಿ ಬದಲಾಗಿಲ್ಲ. ಸಿಲಿಕೋನ್ ಸ್ಪ್ರೇ ಫ್ಯಾನ್ ಬೆಲ್ಟಿಗೆ ತಗುಲಿದರೆ ಬೆಲ್ಟು ಜಾರಿ ಕಿರುಚುತ್ತದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರಂತೂ ಹೊಗೆ ಏಳುತ್ತದೆ, ಅದರಲ್ಲಿರುವ ದ್ರಾವಕ ಹೊತ್ತಿಕೊಂಡರೂ ಆಶ್ಚರ್ಯವಿಲ್ಲ.

ನನ್ನ ವಾದ ಹಳಬರಿಗೆ ಬಾಯಿಪಾಠ. ಸೋರಿಕೆ ಎಲ್ಲಿದೆ ಎಂದು ಕಣ್ಣಿಗೆ ಕಾಣಲಿ ಅಂತ ಇಂಜಿನ್ ತೊಳೆಯಬೇಕು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದ್ದರೆ ಅಂಚಿನುದ್ದಕ್ಕೂ ಧೂಳು ಕಪ್ಪಗೆ ಒದ್ದೆಯಾಗಿ ಕೂತಿರುತ್ತದೆ. ರೇಡಿಯೇಟರ್ ಹೋಸಿನ ಕ್ಲಿಪ್ಪು ಸಡಿಲವಾಗಿದ್ದರೆ ಅದರ ಬುಡದಲ್ಲಿ ಕೂಲೆಂಟ್ ಒಣಗಿ, ಹಸಿರೋ ಗುಲಾಬಿಯೋ ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ತೊಳೆಯುವ ಮೊದಲು ಟಾರ್ಚ್ ಹಿಡಿದು ಇವನ್ನೆಲ್ಲ ನೋಡಿಟ್ಟುಕೊಳ್ಳಿ; ತೊಳೆದು ಒಂದು ವಾರ ಓಡಿಸಿ ಮತ್ತೆ ನೋಡಿ. ಹೊಸದಾಗಿ ಒದ್ದೆ ಕಂಡ ಜಾಗದಲ್ಲೇ ರೋಗ. ಡ್ರೆಸ್ಸಿಂಗ್ ಬಳಿದ ಇಂಜಿನ್ನಿನಲ್ಲಿ ಎಲ್ಲವೂ ಒದ್ದೆಯಾದಂತೆಯೇ ಇರುತ್ತದಲ್ಲ, ಹುಡುಕುವುದೆಲ್ಲಿ? ಸೆಕೆಂಡ್ ಹ್ಯಾಂಡ್ ಕಾರಿನ ಬಾನೆಟ್ ಎತ್ತಿದಾಗ ಒಳಗೆಲ್ಲ ಕನ್ನಡಿಯಂತೆ ಹೊಳೆದರೆ ನಾನು ಅವತ್ತು ರೇಟು ಮಾತಾಡುವುದಿಲ್ಲ. ಹದಿನೈದು ದಿನ ಬಿಟ್ಟು ಬರುತ್ತೇನೆ ಎನ್ನುತ್ತೇನೆ.

ಕೆಲಸಕ್ಕೆ ಅರ್ಧ ಬಕೆಟ್ ಬೋರ್‌ವೆಲ್ ನೀರು ಸಾಕು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿದಾಗ ವಾಷರಿನವರು ಕಂಗಾಲಾದರು. ಬ್ರಷ್ಷಿನವರಾದ ನಮಗೇನೂ ಆಗಲಿಲ್ಲ. ಗಡಸು ನೀರು ಆರಿದರೆ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಹಳೇ ಬನಿಯನ್ನಿನಲ್ಲಿ ತಕ್ಷಣ ಒರೆಸಬೇಕು, ಅಷ್ಟೇ. ಇಂಜಿನ್ ಉಗುರುಬೆಚ್ಚಗಿರಲಿ, ಕಾದ ಮ್ಯಾನಿಫೋಲ್ಡಿಗೆ ತಣ್ಣೀರು ಬಿದ್ದರೆ ಎರಕ ಬಿರುಕು ಬಿಟ್ಟೀತು. ಏರ್ ಫಿಲ್ಟರಿನ ಬಾಯಿ, ಆಲ್ಟರ್ನೇಟರು, ಫ್ಯೂಸ್ ಬಾಕ್ಸು, ಹಳೇ ಮಾರುತಿ 800 ಆದರೆ ಡಿಸ್ಟ್ರಿಬ್ಯೂಟರು, ಇಷ್ಟಕ್ಕೆ ಮುಸುಕು ಬೇಕೇ ಬೇಕು. ನಂದಿನಿ ಹಾಲಿನ ಕವರು ಕತ್ತರಿಸಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರಾಯಿತು, ಸ್ಟಾರ್ಟ್ ಮಾಡುವ ಮುಂಚೆ ಮರೆಯದೆ ತೆಗೆಯಿರಿ. ಹೈಬ್ರಿಡ್ ಗಾಡಿಯಾದರೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿನ ಹತ್ತಿರ ನೀರು ಸುಳಿಯಬಾರದು. ಅದರಲ್ಲಿ ಹರಿಯುವುದು ಜೀವ ತೆಗೆಯುವ ವೋಲ್ಟೇಜು. ಬ್ಯಾಟರಿ ಟರ್ಮಿನಲ್ಲಿನ ಮೇಲೆ ಹಸಿರುಬಿಳಿ ಬೂಷ್ಟು ಕಟ್ಟಿದ್ದರೆ ಮೊದಲು ನೆಗೆಟಿವ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದರೆ ಬುಸ್ಸೆಂದು ನೊರೆ ಎದ್ದು ಬಿಟ್ಟುಕೊಳ್ಳುತ್ತದೆ. ಒರೆಸಿ, ವ್ಯಾಸಲೀನ್ ಸವರಿ, ನೆಗೆಟಿವ್ ಕೊನೆಗೆ ಹಾಕಿ.

ಇನ್ನು ಡ್ರೆಸ್ಸಿಂಗ್. ಹಾಲಿನ ಬಣ್ಣದ, ನೀರಿನ ಬಗೆಯದ್ದೇ ಇರಲಿ. ಬಟ್ಟೆಗೆ ಹಾಕಿಕೊಂಡು ಪ್ಲಾಸ್ಟಿಕ್ ಮುಚ್ಚಳಕ್ಕೆ, ಹೋಸಿಗೆ ತೆಳ್ಳಗೆ ಸವರಿ. ಅದೂ ಆ ಒಂದು ವಾರದ ತಪಾಸಣೆ ಮುಗಿದ ಮೇಲೆ. ತೂಕ ಮುಗಿಯಿತು.

ಏಕೆಂದರೆ ಅಸಲಿಗೆ ಈ ವಾರ ನನ್ನ ತಲೆ ತಿನ್ನುತ್ತಿರುವುದು ಇಲಿ. ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಕಾರು ಕದಲದಿದ್ದರೆ ಸಾಕು, ಇಲಿ ಬಾಡಿಗೆಯಿಲ್ಲದೆ ಸಂಸಾರ ಹೂಡುತ್ತದೆ. ಬಾನೆಟ್ಟಿನ ಒಳಮೈಯ ಫೆಲ್ಟು ಕಿತ್ತು ಹಾಸಿಗೆ ಮಾಡಿಕೊಳ್ಳುತ್ತದೆ. ಬ್ಯಾಟರಿ ಟ್ರೇ ಹಿಂದೆ ಕೈಯಾಡಿಸಿದರೆ ಈರುಳ್ಳಿ ಸಿಪ್ಪೆ, ಅರ್ಧ ಕೊರೆದ ಕೊಬ್ಬರಿ ಚೂರು, ಹಿಕ್ಕೆ. ಈಗಿನ ವೈರಿನ ಹೊದಿಕೆಯಲ್ಲಿ ಸೋಯಾ ಇದೆ, ಅದಕ್ಕೇ ಕಡಿಯುತ್ತವೆ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ, ಸವೆಸದೆ ಅದಕ್ಕೆ ಗತಿಯಿಲ್ಲ. ವೈರಾದರೇನು, ಬಾಗಿಲ ಚೌಕಟ್ಟಾದರೇನು. ಹೊಗೆಸೊಪ್ಪು ಕಟ್ಟುವವರು, ನುಸಿಗುಳಿಗೆ ಇಡುವವರು ಕಟ್ಟಲಿ, ಇಡಲಿ. ವಾಸನೆ ಇಳಿದ ಮೇಲೆ ಇಲಿ ವಾಪಸು ಬರುತ್ತದೆ. ದಿನಾ ಗಾಡಿ ತೆಗೆಯುವುದು, ರಾತ್ರಿ ಬಾನೆಟ್ ಎತ್ತಿ ಮೇಲೊಂದು ದೀಪ ಉರಿಸುವುದು, ನುಸುಳುವ ಸಂದಿಗಳಿಗೆ ಸ್ಟೀಲ್ ಜಾಲರಿ, ನನಗೆ ನಂಬಿಕೆಯಿರುವುದು ಈ ಮೂರರಲ್ಲೇ.

ಹಬ್ಬದ ಹುಮ್ಮಸ್ಸಿನಲ್ಲಿರುವವರಿಗೆ ಒಂದು ಮಾತು. ಇಲಿ ಹೊಕ್ಕಿದ್ದ ಇಂಜಿನ್ನಿಗೆ ಬರಿಗೈ ಹಾಕಬೇಡಿ. ಇಲಿಜ್ವರ ಬರುವುದು ಅದರ ಮೂತ್ರದಿಂದ. ರೋಗಾಣು ಕೈಯ ಸಣ್ಣ ಗೀರಿನಲ್ಲೂ ಒಳಗೆ ಇಳಿಯುತ್ತದೆ. ಒಣ ಹಿಕ್ಕೆಯನ್ನು ಏರ್ ಪೈಪಿನಿಂದ ಊದಿಸಬಾರದು, ಪೊರಕೆಯಲ್ಲಿ ಗುಡಿಸಲೂಬಾರದು. ಸೋಂಕುನಾಶಕ ಬೆರೆಸಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಗ್ಲೌಸ್ ಹಾಕಿಕೊಂಡು ಎತ್ತಿ. ಕೈಯಲ್ಲಿ ಹಸಿ ಗಾಯವಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ.