ಟಿಮ್ ಹಾರ್ಟನ್ಸ್: ಹಿಟ್ಟು ನಾದಿದ ಕೈ ಎಲ್ಲಿ ಹೋಯಿತು?

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಟಿಮ್ ಹಾರ್ಟನ್ಸ್ ಕಾಫಿ ಯಾವತ್ತೂ ಅಂಥ ರುಚಿಯದಾಗಿರಲಿಲ್ಲ. "ಮೊದಲಿನ ಕಾಫಿ ಈಗಿಲ್ಲ" ಎಂದು ಗೆಳೆಯರು ಗೊಣಗಿದಾಗ, ಮೊದಲು ಅದೆಂಥ ಅಮೃತವಾಗಿತ್ತು ಎಂದು ನಾನು ಕೇಳುವುದುಂಟು. ಹಾಗಿದ್ದೂ ನಾವೆಲ್ಲ ಅಲ್ಲಿಗೆ ಯಾಕೆ ಹೋಗುತ್ತಿದ್ದೆವು? ಈಗ ಮನಸ್ಸು ಯಾಕೆ ಹಿಂಜರಿಯುತ್ತದೆ?

1980ರ ದಶಕದ ಕೊನೆಯಲ್ಲಿ ನಾನು ಹ್ಯಾಮಿಲ್ಟನ್ನಿನಲ್ಲಿ ತರಬೇತಿ ವೈದ್ಯನಾಗಿದ್ದೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಅಂಗಡಿಗೆ ಹೋದರೆ, ಹಿಂದಿನ ಕೋಣೆಯಲ್ಲಿ ಒಬ್ಬಾತ ಮೊಳಕೈವರೆಗೆ ಹಿಟ್ಟು ಮೆತ್ತಿಕೊಂಡು ಡೋನಟ್ ಕರಿಯುತ್ತಿದ್ದ. ನಮ್ಮೂರ ಹೋಟೆಲಿನ ವಡೆಯ ಬಾಣಲೆ ನೆನಪಾಗುತ್ತಿತ್ತು. ಉಕ್ಕಿನ ಕಾರ್ಖಾನೆಯವರು, ನರ್ಸ್‌ಗಳು, ಲಾರಿ ಚಾಲಕರು, ಎಲ್ಲರ ಮೇಲೂ ಸಿಗರೇಟಿನ ಹೊಗೆ. ನನ್ನ ಉಚ್ಚಾರಣೆ ಅಲ್ಲಿ ಯಾರಿಗೂ ತೊಡಕಾಗಲಿಲ್ಲ. "ಡಬಲ್ ಡಬಲ್" ಎಂದರೆ ಸಾಕು, ಎರಡು ಕ್ರೀಮ್, ಎರಡು ಸಕ್ಕರೆ. 2004ರಲ್ಲಿ ಆ ಮಾತು ಕೆನಡಿಯನ್ ಆಕ್ಸ್‌ಫರ್ಡ್ ನಿಘಂಟನ್ನೂ ಸೇರಿತು.

1964ರಲ್ಲಿ ಇದೇ ಹ್ಯಾಮಿಲ್ಟನ್ನಿನ ಆಟವಾ ಸ್ಟ್ರೀಟಿನಲ್ಲಿ ಮೊದಲ ಅಂಗಡಿ ಶುರುವಾಯಿತು. ಹೆಸರು ಹಾಕಿ ಆಟಗಾರ ಟಿಮ್ ಹಾರ್ಟನ್ ಅವರದು. 1974ರಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ, ಒಂದು ಕಾಲದಲ್ಲಿ ಪೊಲೀಸರಾಗಿದ್ದ ಪಾಲುದಾರ ರಾನ್ ಜಾಯ್ಸ್ ಅವರ ಕುಟುಂಬದ ಪಾಲನ್ನು ಕೊಂಡು, ಊರೂರಿಗೆ ವ್ಯಾಪಾರ ಬೆಳೆಸಿದರು.

ನನ್ನ ವಾದ ಇಷ್ಟು. ಈ ಸಂಸ್ಥೆ ಒಳಗೆ ಕೆನಡಾದ ಗುಣವನ್ನು ಕಳೆದುಕೊಳ್ಳುತ್ತಾ ಹೋದಷ್ಟೂ ಹೊರಗೆ ಕೆನಡಾದ ಹೆಸರನ್ನು ಹೆಚ್ಚು ಹೆಚ್ಚಾಗಿ ಹೇಳಿಕೊಂಡಿತು. 1995ರಲ್ಲಿ ಅದು ಅಮೆರಿಕದ ವೆಂಡೀಸ್ ಜೊತೆ ವಿಲೀನವಾಯಿತು. 2000ದ ದಶಕದ ಆರಂಭದಲ್ಲಿ ಅಂಗಡಿಯೊಳಗಿನ ಬಾಣಲೆ ಆರಿತು. ಬ್ರಾಂಟ್‌ಫರ್ಡ್‌ನ ಕಾರ್ಖಾನೆಯಲ್ಲಿ ಅರೆಬೇಯಿಸಿ ಹೆಪ್ಪುಗಟ್ಟಿಸಿದ ಡೋನಟ್‌ಗಳು ಲಾರಿಯಲ್ಲಿ ಬರತೊಡಗಿದವು. "ಸದಾ ತಾಜಾ" ಎಂಬ ಘೋಷಣೆ ಮಾತ್ರ ಹಾಗೇ ಉಳಿಯಿತು.

2006ರ ವರ್ಷವನ್ನೇ ನೋಡಿ. ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು. ಕಂದಹಾರ್‌ನ ಸೇನಾ ನೆಲೆಯಲ್ಲಿ ಅಂಗಡಿ ತೆರೆಯಿತು. "ಪ್ರೌಡ್ ಫಾದರ್ಸ್" ಎಂಬ ಜಾಹೀರಾತೂ ಆಗಲೇ ಬಂತು. ಅದರಲ್ಲಿ ಚೀನೀ ಮೂಲದ ಒಬ್ಬ ಅಜ್ಜ, ಮೊಮ್ಮಗನ ಹಾಕಿ ಆಟ ನೋಡಲು ಮಗನಿಗಾಗಿ ಕಾಫಿ ಹಿಡಿದು ಬರುತ್ತಾನೆ. ಚಿಕ್ಕಂದಿನಲ್ಲಿ ಆಟ ಬಿಟ್ಟು ಓದು ಎಂದು ಗದರಿದ ಅಪ್ಪ, ತನ್ನ ಆಟವನ್ನೂ ಗುಟ್ಟಾಗಿ ನೋಡುತ್ತಿದ್ದನೆಂದು ಮಗನಿಗೆ ಆಗ ತಿಳಿಯುತ್ತದೆ. ನಮ್ಮ ಪೀಳಿಗೆಯ ಎಷ್ಟೋ ತಂದೆಯರು ಅದನ್ನು ನೋಡಿ ಕಣ್ಣೊರೆಸಿಕೊಂಡೆವು. ಭಾವನೆ ಸುಳ್ಳಲ್ಲ. ಆದರೆ ಆ ಅಜ್ಜನ ಕೈಯಲ್ಲಿದ್ದ ಲೋಟ ನಮ್ಮ ಮಮತೆಯನ್ನು ಸಾಲವಾಗಿ ಪಡೆಯಿತು.

ಸಾಲ ತೀರಿಸುವ ಹೊತ್ತಿಗೆ ಯಜಮಾನರು ಬದಲಾಗಿದ್ದರು. 2014ರಲ್ಲಿ, ಬ್ರೆಜಿಲಿಯನ್ನರು ಕಟ್ಟಿದ 3ಜಿ ಕ್ಯಾಪಿಟಲ್ ಹಿಡಿತದಲ್ಲಿದ್ದ ಬರ್ಗರ್ ಕಿಂಗ್ ಜೊತೆ ಸೇರಿ ಹೊಸ ಕಂಪನಿಯಾಯಿತು. 2018ರ ಜನವರಿಯಲ್ಲಿ ಒಂಟಾರಿಯೋದ ಕನಿಷ್ಠ ವೇತನ ಗಂಟೆಗೆ 11.60 ಡಾಲರಿನಿಂದ 14ಕ್ಕೆ ಏರಿದಾಗ, ಕೋಬರ್ಗ್‌ನ ಕೆಲವು ಅಂಗಡಿಗಳು ಕೆಲಸಗಾರರ ಸಂಬಳಸಹಿತ ವಿರಾಮವನ್ನು ಕಿತ್ತುಕೊಂಡವು. ಆ ವರ್ಷ ಲೆಜೆ ಸಮೀಕ್ಷೆಯ ಗೌರವಪಟ್ಟಿಯಲ್ಲಿ 4ನೇ ಸ್ಥಾನದಿಂದ 50ಕ್ಕೆ ಕುಸಿತ. ಆ್ಯಪ್ ತೆರೆಯದಿದ್ದಾಗಲೂ ಗ್ರಾಹಕರ ಓಡಾಟವನ್ನು ದಾಖಲಿಸುತ್ತಿತ್ತೆಂದು 2022ರಲ್ಲಿ ಖಾಸಗಿತನದ ಆಯುಕ್ತರು ಹೇಳಿದರು.

ನ್ಯಾಯವಾಗಿ ಹೇಳಬೇಕೆಂದರೆ ವ್ಯಾಪಾರವೇನೂ ಮುಳುಗಿಲ್ಲ. ದೇಶದಲ್ಲಿ ಸುಮಾರು ನಾಲ್ಕು ಸಾವಿರ ಅಂಗಡಿಗಳಿವೆ. 2021ರಿಂದ ತಿಂಡಿಗೆ ಮೊಟ್ಟೆಯನ್ನು ಮತ್ತೆ ಅಲ್ಲೇ ಒಡೆದು ಬೇಯಿಸುತ್ತಾರೆ. ಆದಾಯದ ಪಟ್ಟಿಯಲ್ಲಿ ಕಾಣದ ನಷ್ಟ ಬೇರೆ ಇದೆ. ನನ್ನ ವಯಸ್ಸಾದ ರೋಗಿಗಳಲ್ಲಿ ಹಲವರಿಗೆ ಚಳಿಗಾಲದಲ್ಲಿ ಮನುಷ್ಯರೊಡನೆ ಮಾತಾಡಲು ಇದ್ದ ಒಂದೇ ಜಾಗ ಅಲ್ಲಿನ ಕಿಟಕಿ ಪಕ್ಕದ ಮೇಜು. ಒಂದು ಲೋಟ ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ. ಒಂಟಿತನಕ್ಕೆ ನಾನು ಬರೆದುಕೊಟ್ಟ ಯಾವ ಮಾತ್ರೆಯೂ ಆ ಮೇಜಿನಷ್ಟು ಕೆಲಸ ಮಾಡಲಿಲ್ಲ. ಕಾರಿನ ಕಿಟಕಿಯಿಂದಲೇ ಲೋಟ ಪಡೆದು ಹೊರಡುವ ನಾವೂ ಆ ಮೇಜು ಖಾಲಿಯಾಗಲು ಕಾರಣರು.

ಕಳೆದ ಚಳಿಗಾಲದಲ್ಲಿ ಮೊಮ್ಮಗಳ ಹಾಕಿ ಅಭ್ಯಾಸಕ್ಕೆ ಹೋದಾಗ, ಮಗನಿಗೆಂದು ಮನೆಯ ಫಿಲ್ಟರ್ ಕಾಫಿಯನ್ನು ಫ್ಲಾಸ್ಕಿನಲ್ಲಿ ಒಯ್ದೆ. "ಟಿಮ್ಸ್ ತರಲಿಲ್ಲವಾ, ಅಪ್ಪ?" ಎಂದು ಕೇಳಿದ. ಇಲ್ಲವೆಂದೆ. ಪಕ್ಕದಲ್ಲಿ ಒಬ್ಬರೇ ಕೂತಿದ್ದ ಮುದುಕರಿಗೂ ಒಂದು ಲೋಟ ಬಗ್ಗಿಸಿದೆ. ಅಭ್ಯಾಸ ಮುಗಿಯುವವರೆಗೂ ಅವರು ತಮ್ಮ ಊರಿನ ಕಥೆ ಹೇಳುತ್ತಲೇ ಇದ್ದರು.