ಲಂಗ ಗಿಡ್ಡವಾದದ್ದು ಯಾರಿಗಾಗಿ?

ಬ್ಯಾಲೆಯ ಟುಟು ಲಂಗದ ಚರಿತ್ರೆಯನ್ನು ಬಿಡುಗಡೆಯ ಕಥೆಯಾಗಿ ಹೇಳುವುದು ವಾಡಿಕೆ. ನೆಲ ಗುಡಿಸುತ್ತಿದ್ದ ಲಂಗ ಕಣಕಾಲಿಗೆ ಏರಿತು, ಮೊಣಕಾಲು ದಾಟಿತು, ಕೊನೆಗೆ ಸೊಂಟದ ಸುತ್ತ ಅಡ್ಡಲಾಗಿ ನಿಂತಿತು. ಬಟ್ಟೆ ಕಡಿಮೆಯಾದಷ್ಟೂ ನರ್ತಕಿ ಸ್ವತಂತ್ರಳಾದಳು. ಇದು ಅರ್ಧ ನಿಜ. ಕಾಲಿಗೆ ದಕ್ಕಿದ್ದೆಲ್ಲ ಕಾಲಿನ ಒಡತಿಗೂ ದಕ್ಕಿತೆಂದು ನಂಬಿಬಿಡುವುದು ಈ ಕಥೆಯ ದೋಷ.

ಮೊದಲ ಹೆಜ್ಜೆ ಇಟ್ಟವಳು 18ನೇ ಶತಮಾನದ ಪ್ಯಾರಿಸ್ ಒಪೆರಾದ ಮರೀ ಕಮಾರ್ಗೊ. ನೆಗೆದು ಗಾಳಿಯಲ್ಲೇ ಪಾದಗಳನ್ನು ಕತ್ತರಿಯಂತೆ ಹೆಣೆಯುವ ಗಂಡಸರ ಚಮತ್ಕಾರವನ್ನು ಆಕೆ ಕೈವಶ ಮಾಡಿಕೊಂಡಿದ್ದಳು. ಅದು ಕಾಣಬೇಕಲ್ಲ, ಲಂಗವನ್ನು ಕಣಕಾಲಿನ ಮೇಲಕ್ಕೆ ಎತ್ತಿಸಿದಳು. ಅವಳ ಸಮಕಾಲೀನೆ ಮರೀ ಸಾಲೆಯ ದಾರಿ ಬೇರೆ. 1734ರಲ್ಲಿ ಲಂಡನ್ನಿನ 'ಪಿಗ್ಮೇಲಿಯನ್'ಗೆ ಆಕೆ ಲಂಗದೊಳಗಿನ ಪಂಜರವನ್ನೇ ಕಿತ್ತುಹಾಕಿ, ತೆಳು ಮಸ್ಲಿನ್ ಉಟ್ಟು, ಕೂದಲು ಬಿಚ್ಚಿಕೊಂಡು ಬಂದಳು. ಒಬ್ಬಳ ಉಡುಪು ಹೆಜ್ಜೆಯನ್ನು ಅನುಸರಿಸಿತು, ಇನ್ನೊಬ್ಬಳದು ಪಾತ್ರವನ್ನು. ಬ್ಯಾಲೆ ಉಡುಪಿನ ಮುಂದಿನ ಜಗಳಗಳೆಲ್ಲ ಈ ಎರಡು ದಾರಿಗಳ ನಡುವೆಯೇ ನಡೆದಿವೆ.

1832ರ 'ಲಾ ಸಿಲ್ಫೀಡ್'ನಲ್ಲಿ ಎರಡೂ ಒಂದಾದವು. ಮರೀ ಟಾಲ್ಯೋನಿಯ ಬಿಳಿಯ ಗಂಟೆಯಾಕಾರದ ಲಂಗ ಮೊಣಕಾಲಿನ ಕೆಳಗಿನವರೆಗೆ ಇಳಿಯುತ್ತಿತ್ತು. ತುದಿಬೆರಳ ಮೇಲೆ ನಿಂತ ಪಾದವನ್ನು ತೋರಿಸುತ್ತಲೇ, ಅವಳು ನೆಲದವಳಲ್ಲ, ಗಾಳಿಯ ಹೆಣ್ಣು ಎಂಬ ಭ್ರಮೆಯನ್ನೂ ಹುಟ್ಟಿಸುತ್ತಿತ್ತು. ಆ ಮಾಯೆಗೆ ಬಟ್ಟೆಯಷ್ಟೇ ಗ್ಯಾಸ್ ದೀಪವೂ ಕಾರಣ. ಪದರಪದರವಾದ ಬಿಳಿ ಬಟ್ಟೆ ಅದರ ಮಂದ ಬೆಳಕನ್ನು ಹೀರಿಕೊಂಡು ತಾನೇ ಹೊಳೆಯುವಂತೆ ತೋರುತ್ತಿತ್ತು.

ಅದೇ ದೀಪ ಅದೇ ಬಟ್ಟೆಯನ್ನು ಸುಟ್ಟಿತು. ಲಂಗಗಳನ್ನು ಬೆಂಕಿ ತಾಗದಂತೆ ರಾಸಾಯನಿಕದಲ್ಲಿ ಅದ್ದಬೇಕೆಂದು 1859ರಲ್ಲಿ ಫ್ರಾನ್ಸಿನಲ್ಲಿ ಆಜ್ಞೆ ಹೊರಟಿತ್ತು. ಅದ್ದಿದ ಬಟ್ಟೆ ಬಿರುಸಾಗುತ್ತದೆ, ಮಾಸಲಾಗಿ ಕಾಣುತ್ತದೆ ಎಂದು ನರ್ತಕಿ ಎಮ್ಮಾ ಲಿವ್ರಿ ಒಪ್ಪಲಿಲ್ಲ. 1862ರ ನವೆಂಬರಿನಲ್ಲಿ, ಒಪೆರಾದ ತಾಲೀಮಿನ ನಡುವೆ ಅವಳ ಲಂಗಕ್ಕೆ ಗ್ಯಾಸ್ ದೀಪದ ಬೆಂಕಿ ಹೊತ್ತಿಕೊಂಡಿತು. ಇಪ್ಪತ್ತರ ಹುಡುಗಿ ಎಂಟು ತಿಂಗಳು ನರಳಿ ತೀರಿಕೊಂಡಳು. ಇದನ್ನು ಅವಳ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ತೇಲದ ನರ್ತಕಿಗೆ ಬೆಲೆಯಿಲ್ಲ ಎಂದು ಅವಳಿಗೆ ಕಲಿಸಿದ್ದು ಆ ರಂಗವೇ. ಶ್ರೀಮಂತ ಚಂದಾದಾರರು ತೆರೆಯ ಹಿಂದೆ ನರ್ತಕಿಯರ ಕೋಣೆಯವರೆಗೂ ನುಗ್ಗಬಹುದಾಗಿದ್ದ ಕಾಲ ಅದು. ಚಿತ್ರಕಾರ ಡೆಗಾನ ಬ್ಯಾಲೆ ಚಿತ್ರಗಳ ಅಂಚಿನಲ್ಲಿ ನಿಂತ ಕಪ್ಪು ಕೋಟಿನ ಗಂಡಸರನ್ನು ಮರೆತು ಗಿಡ್ಡ ಲಂಗವನ್ನು ಬಿಡುಗಡೆ ಎನ್ನಲಾಗದು.

ಮುಂದಿನ ಒತ್ತಡ ಬಂದದ್ದು ಇಟಲಿಯ ತಂತ್ರದಿಂದ. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದ ವರ್ಜೀನಿಯಾ ಜುಕ್ಕಿ ಅಲ್ಲಿಯ ರೂಢಿಗಿಂತ ಗಿಡ್ಡ ಲಂಗಕ್ಕೆ ಪಟ್ಟು ಹಿಡಿದಳು. 1895ರ 'ಸ್ವಾನ್ ಲೇಕ್'ನಲ್ಲಿ ಪಿಯರೀನಾ ಲೆನ್ಯಾನಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗಿದಳು. ಇಂಥ ಪ್ರದರ್ಶನಕ್ಕೆ ಇಡೀ ಕಾಲು ಕಾಣಬೇಕು. ಇಂದು ನಾವು ನೋಡುವ ಚಪ್ಪಟೆ ಟುಟು 20ನೇ ಶತಮಾನದ್ದು: ಹತ್ತು ಹನ್ನೆರಡು ಪದರ ನೆಟ್ ಬಟ್ಟೆ, ಒಳಗೊಂದು ತಂತಿಯ ಬಳೆ. ಭರತನಾಟ್ಯದ ಬೀಸಣಿಗೆ ನೆರಿಗೆ ಅರಮಂಡಿಯಲ್ಲಿ ಬಿಚ್ಚಿಕೊಂಡು ಮಂಡಿಯ ಕೋನವನ್ನು ತೋರುವ ಹಾಗೆ, ಈ ತಟ್ಟೆ ನರ್ತಕಿಯ ಸಮತೋಲಕ್ಕೆ ಸಾಕ್ಷಿ. ಸೊಂಟ ಒಂದಿಷ್ಟು ವಾಲಿದರೂ ಅಂಚು ವಾಲುತ್ತದೆ. ಆದರೆ ಜೊತೆಗಾರನನ್ನು ಅದು ಅಷ್ಟು ದೂರವೇ ನಿಲ್ಲಿಸುತ್ತದೆ, ಅವನಿಗೆ ಅವಳ ಪಾದ ಕಾಣದು. ಸಾಲಿನಲ್ಲಿ ಕುಣಿಯುವವರ ಅಂಚುಗಳು ಒಂದಕ್ಕೊಂದು ತಾಗಿ ಮೇಲೇಳುತ್ತವೆ.

ನೃತ್ಯಸಂಯೋಜಕ ಮಿಖಾಯಿಲ್ ಫೋಕಿನ್ ಸಾಲೆಯ ದಾರಿ ಹಿಡಿದ. ಈಜಿಪ್ಟಿನ ರಾಣಿಗೂ ಗ್ರೀಕ್ ಕನ್ಯೆಗೂ ಅದೇ ಟುಟು ತೊಡಿಸುವ ಚಾಳಿಯನ್ನು ಅವನು ಪ್ರಶ್ನಿಸಿದ್ದು ಸರಿಯಾಗಿಯೇ ಇತ್ತು. ಇನ್ನೊಬ್ಬ ನೃತ್ಯಸಂಯೋಜಕ ಬ್ಯಾಲಂಶೀನ್ ಕೆಲವು ಕೃತಿಗಳಲ್ಲಿ ಲಂಗವನ್ನೇ ಕೈಬಿಟ್ಟು ಅಭ್ಯಾಸದ ಉಡುಪಿನಲ್ಲಿ ಕುಣಿಸಿದ. ನನ್ನ ಮಟ್ಟಿಗೆ ಇವರಿಬ್ಬರಿಗಿಂತ ದೊಡ್ಡ ವಿಮರ್ಶಕಿ ದರ್ಜಿ ಬಾರ್ಬರಾ ಕರಿನ್ಸ್ಕಾ. 1950ರಲ್ಲಿ, ಐವತ್ತರಷ್ಟು ನರ್ತಕರು ರಂಗ ತುಂಬುವ ಬ್ಯಾಲಂಶೀನನ 'ಸಿಂಫನಿ ಇನ್ ಸಿ'ಗಾಗಿ ಅವಳು ತಂತಿಯನ್ನು ತೆಗೆದಳು, ಪದರಗಳನ್ನು ಆರೇಳಕ್ಕೆ ಇಳಿಸಿ ಸಡಿಲವಾಗಿ ಹೊಲಿದಳು. ಲಂಗ ಮೆತ್ತಗೆ ಇಳಿಬಿದ್ದಿತು. ಪಕ್ಕದವಳಿಗೆ ತಾಗಿದರೆ ಮಡಿಯಿತು, ನೆಗೆದರೆ ಅರಳಿತು. ತಂತಿಯಿಲ್ಲದೆಯೂ ಟುಟು ಟುಟುವೇ ಎಂದು ತೋರಿಸಿಕೊಟ್ಟಳು.

ಆಮೇಲಿನ ಪ್ರಯೋಗಗಳನ್ನೂ ತೊಟ್ಟವರಿಗೆ ಏನು ದಕ್ಕಿತು ಎಂಬ ಅಳತೆಗೋಲಿನಿಂದಲೇ ನೋಡಬಹುದು. 1974ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಟ್ರಾಕಡೆರೊ ತಂಡದ ಗಂಡಸರು ಟುಟು ತೊಟ್ಟು ನಗಿಸುತ್ತಾರೆ. ಆದರೆ ಅದನ್ನು ತೊಟ್ಟು ಕುಣಿಯುವುದು ಎಂಥ ದುಡಿಮೆ ಎಂಬುದನ್ನೂ ಕಾಣಿಸುತ್ತಾರೆ. 1970ರ ದಶಕದಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನ ಕಪ್ಪು ನರ್ತಕಿಯರು ಗುಲಾಬಿ ಕಾಲುಚೀಲ ಬಿಟ್ಟು ತಮ್ಮ ಮೈಬಣ್ಣದ್ದನ್ನು ತೊಟ್ಟಾಗ ಲಂಗದ ಅಳತೆ ಒಂದಿಂಚೂ ಬದಲಾಗಲಿಲ್ಲ. ಆದರೂ ಅದರ ಕೆಳಗಿನ ಕಾಲು ಯಾರದೆಂದು ಪ್ರೇಕ್ಷಕರಿಗೆ ಮೊದಲ ಬಾರಿಗೆ ಸರಿಯಾಗಿ ಕಂಡಿತು.

ದೊಡ್ಡ ಕಂಪನಿಗಳು ಇಂದು ಟುಟುವಿನ ಆಕಾರವನ್ನು ಸಂಪ್ರದಾಯವೆಂದು ಕಾಯುತ್ತಿವೆ. ಆದರೆ ಆಕಾರ ಯಾವ ಕಾಲದಲ್ಲೂ ಸ್ಥಿರವಾಗಿರಲಿಲ್ಲ. ಉಳಿದುಬಂದದ್ದು ಕತ್ತರಿಯ ವಿವೇಕ: ಹೆಜ್ಜೆ ಏನು ಕೇಳುತ್ತದೋ ಬಟ್ಟೆ ಅದಕ್ಕೆ ಒಗ್ಗಬೇಕು. ಅದು ತಪ್ಪಿದಲ್ಲೆಲ್ಲ, ಲಂಗ ಉದ್ದವಿರಲಿ ಗಿಡ್ಡವಿರಲಿ, ದಂಡ ತೆತ್ತವಳು ನರ್ತಕಿಯೇ.