ಆಲ್ಬರ್ಟ್ ಬಾಲಿನ್: ಸಾಮೀಪ್ಯ ಮತ್ತು ಪ್ರಭಾವ

ಹ್ಯಾಂಬರ್ಗಿನ ಹಡಗು ಉದ್ಯಮಿ ಆಲ್ಬರ್ಟ್ ಬಾಲಿನನನ್ನು (1857-1918) ‘ಕೈಸರನ ಮಿತ್ರ’ನೆಂದು ಕರೆಯುವುದು ರೂಢಿಯಾಗಿದೆ. ಮಿತ್ರನೆಂದ ಮಾತ್ರಕ್ಕೆ ಸಾಮ್ರಾಜ್ಯದ ಸೂತ್ರಧಾರನೆಂದು ಭಾವಿಸುವವರೂ ಉಂಟು. 1967ರಲ್ಲಿ ಪ್ರಕಟವಾದ ಲಮಾರ್ ಸೆಸಿಲರ ಗ್ರಂಥವು ತನ್ನ ಉಪಶೀರ್ಷಿಕೆಯಲ್ಲಿಯೇ ಬಾಲಿನನ ವಾಣಿಜ್ಯವನ್ನೂ ಜರ್ಮನಿಯ ರಾಜಕಾರಣವನ್ನೂ ಜೊತೆಗೂಡಿಸಿದೆ. ಈ ನಂಟು ಎಷ್ಟು ಗಟ್ಟಿಯಾದುದೆಂಬುದೇ ನಮ್ಮ ಪ್ರಶ್ನೆ.

ವಾಣಿಜ್ಯದಲ್ಲಿ ಅವನ ಸಾಧನೆ ನಿರ್ವಿವಾದವಾದುದು. ವಲಸೆಗಾರರ ಪ್ರಯಾಣವನ್ನು ಏರ್ಪಡಿಸುತ್ತಿದ್ದ ತಂದೆಯ ಸಣ್ಣ ಸಂಸ್ಥೆಯಿಂದ ಹೊರಟ ಈ ಯಹೂದಿ ವರ್ತಕನು 1886ರಲ್ಲಿ ಹ್ಯಾಂಬರ್ಗ್-ಅಮೆರಿಕ ಕಂಪೆನಿಯನ್ನು ಸೇರಿ, 1899ರಲ್ಲಿ ಅದರ ಮಹಾನಿರ್ದೇಶಕನಾದನು. 1914ರ ವೇಳೆಗೆ ಅದು ಜಗತ್ತಿನ ಅತಿದೊಡ್ಡ ಹಡಗು ಕಂಪೆನಿಯಾಗಿದ್ದಿತು.

ರಾಜಕಾರಣದ ಲೆಕ್ಕವು ಬೇರೆ. 1912ರಲ್ಲಿ ಬಾಲಿನನೂ ಲಂಡನ್ನಿನ ಬ್ಯಾಂಕರ್ ಅರ್ನೆಸ್ಟ್ ಕ್ಯಾಸೆಲನೂ ನಡೆಸಿದ ಸಂಧಾನದ ಫಲವಾಗಿ ಬ್ರಿಟಿಷ್ ಮಂತ್ರಿ ಹಾಲ್ಡೇನ್ ಬರ್ಲಿನ್ನಿಗೆ ಬಂದನು. ಆದರೆ ನೌಕಾಬಲದ ಹೆಚ್ಚಳವನ್ನು ಟಿರ್ಪಿಟ್ಸ್ ಬಿಡಲಿಲ್ಲ. ಜರ್ಮನಿ ಬೇಡಿದ ತಾಟಸ್ಥ್ಯದ ವಚನವನ್ನು ಬ್ರಿಟನ್ ಕೊಡಲಿಲ್ಲ. ಮಾತುಕತೆ ಮುರಿದುಬಿದ್ದಿತು. 1914ರ ಜುಲೈನಲ್ಲಿ ಅವನು ಲಂಡನ್ನಿಗೆ ಹೋಗಿ ಗ್ರೇ, ಹಾಲ್ಡೇನ್, ಚರ್ಚಿಲ್‌ರನ್ನು ಕಂಡನು, ಯುದ್ಧ ನಿಲ್ಲಲಿಲ್ಲ. ಬಾಗಿಲು ತೆರೆಸುವ ಶಕ್ತಿ ಅವನಿಗಿದ್ದಿತು. ಒಳಗೆ ಆಗುವ ತೀರ್ಮಾನವನ್ನು ತಿರುಗಿಸುವ ಶಕ್ತಿ ಇರಲಿಲ್ಲ.

ಹಾಗೆಂದು ಅವನನ್ನು ಸೋತ ಶಾಂತಿದೂತನೆಂದಷ್ಟೇ ಚಿತ್ರಿಸುವುದನ್ನೂ ನಾವು ಒಪ್ಪಲಾರೆವು. 1898 ಮತ್ತು 1900ರ ನೌಕಾ ಶಾಸನಗಳ ಕಾಲದಲ್ಲಿ ಅವನು ಯುದ್ಧನೌಕೆಗಳ ಪಕ್ಷದಲ್ಲಿದ್ದವನು. ವ್ಯಾಪಾರದ ರಕ್ಷಣೆಗೆಂದು ಬಯಸಿದ ನೌಕಾಬಲವೇ ಬ್ರಿಟನ್ನಿನ ವೈರವನ್ನು ಬೆಳೆಸಿ, ಆ ವ್ಯಾಪಾರಕ್ಕೆ ಮುಳುವಾಯಿತು. ಬೀಜ ಬಿತ್ತಿದವರಲ್ಲಿ ತಾನೂ ಒಬ್ಬನಾಗಿ, ಬೆಳೆಯನ್ನು ತಡೆಯಲು ಅವನು ತಡವಾಗಿ ಹೊರಟನು.

ವೈಫಲ್ಯದ ಮೂಲಕಾರಣವು ಸಾಮ್ರಾಜ್ಯದ ರಚನೆಯಲ್ಲಿಯೇ ಇದೆ. ಮಂತ್ರಿಗಳು ರಾಷ್ಟ್ರಸಭೆಗೆ ಹೊಣೆಯಾಗಿರದೆ ಚಕ್ರವರ್ತಿಗೆ ಹೊಣೆಯಾಗಿದ್ದ ಆ ವ್ಯವಸ್ಥೆಯಲ್ಲಿ, ಪದವಿಯಿಲ್ಲದ ವರ್ತಕನಿಗೆ ಅರಸನ ಒಲವೊಂದೇ ಆಧಾರ. 1918ರ ಸೆಪ್ಟೆಂಬರಿನಲ್ಲಿ ಸತ್ಯವನ್ನು ಹೇಳಲು ಕೈಸರನ ಬಳಿಗೆ ಹೋದಾಗ, ಆಸ್ಥಾನದ ಅಧಿಕಾರಿಯೊಬ್ಬನು ಜೊತೆಯಲ್ಲಿಯೇ ಇದ್ದುದರಿಂದ ಮಾತು ಮುಂದುವರಿಯಲಿಲ್ಲ. ನವೆಂಬರ್ 9ರಂದು ಕೈಸರನ ಪದತ್ಯಾಗ ಘೋಷಣೆಯಾಯಿತು. ನಿದ್ರೆಯ ಗುಳಿಗೆಗಳನ್ನು ಅತಿಯಾಗಿ ಸೇವಿಸಿದ್ದ ಬಾಲಿನನೂ ಅದೇ ದಿನ ತೀರಿಕೊಂಡನು.

ಆದುದರಿಂದ ಚರಿತ್ರೆಯ ವಿದ್ಯಾರ್ಥಿಯು ಧನಿಕರ ಪ್ರಭಾವವನ್ನು ಅಳೆಯುವಾಗ ಅವರು ಯಾರೊಡನೆ ಊಟ ಮಾಡಿದರೆಂಬುದನ್ನಲ್ಲ, ಯಾವ ನಿರ್ಧಾರವನ್ನು ಬದಲಿಸಿದರೆಂಬುದನ್ನು ಕೇಳಬೇಕು. ಈ ಅಳತೆಯಲ್ಲಿ ಬಾಲಿನನು ಸಾಮ್ರಾಜ್ಯವನ್ನು ನಡೆಸಿದವನಲ್ಲ. ಅದರ ಏಳಿಗೆಯಲ್ಲಿ ಬೆಳೆದು, ಅದರ ಪತನದಲ್ಲಿ ಅಳಿದವನು.